ಮನೆಯಲ್ಲಿ ಹುಟ್ಟುವ ಎರಡು ಪುಟದ ಪತ್ರಿಕೆ

ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಗುವಿನ ಬರಹಕ್ಕೆ ಸಾಮಾನ್ಯವಾಗಿ ಒಬ್ಬರೇ ಓದುಗರು: ಕೆಂಪು ಶಾಯಿಯಲ್ಲಿ ತಿದ್ದುವ ಅಧ್ಯಾಪಕರು. ಪ್ರಬಂಧಕ್ಕೆ ಅಂಕ ಬಿದ್ದೊಡನೆ ಅದರ ಆಯುಷ್ಯ ಮುಗಿಯುತ್ತದೆ. ಶಾಲಾ ವರ್ಷ ಕಳೆದ ಮೇಲೆ ಪುಸ್ತಕ ಗುಜರಿಯವನ ತಕ್ಕಡಿಗೆ ಹೋಗುತ್ತದೆ. ಕರ್ನಾಟಕದೊಳಗಿನ ಮಗುವಿಗೆ ಬಸ್ಸಿನ ಫಲಕದಲ್ಲಿ, ಕಚೇರಿಯ ಅರ್ಜಿಯಲ್ಲಿ, ಅಂಗಡಿಯ ಹೆಸರಿನಲ್ಲಿ ಕನ್ನಡ ದಿನವೂ ಎದುರಾಗುತ್ತದೆ. ಕಾಸರಗೋಡಿನ ಮಗುವಿಗೆ ಆ ಆಸರೆ ಕಡಿಮೆ. ಕನ್ನಡವು ಪರೀಕ್ಷೆಯ ಭಾಷೆಯಾಗಿ ಮಾತ್ರ ಉಳಿದರೆ, ಪರೀಕ್ಷೆ ಮುಗಿದ ದಿನವೇ ಬರೆಯುವ ಕೈಯೂ ನಿಲ್ಲುತ್ತದೆ. ಓದುಗರಿಗಾಗಿ ಬರೆಯುವ ಅಭ್ಯಾಸವನ್ನು ಮನೆಯಲ್ಲಿಯೇ ಆರಂಭಿಸುವುದು ಇದಕ್ಕೊಂದು ಪರಿಹಾರ. ಬಂಡವಾಳ ಬೇಕಿಲ್ಲ, ನಾಲ್ಕೈದು ಮಕ್ಕಳು, ಎರಡು ಪುಟ ಮತ್ತು ತಪ್ಪದ ಒಂದು ತಾರೀಕು ಸಾಕು.

ಕೈಬರಹದ ಪತ್ರಿಕೆಯೆಂದು ಸಂಕೋಚಪಡಬೇಕಾಗಿಲ್ಲ. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದದ್ದು ಕಲ್ಲಚ್ಚಿನಲ್ಲಿ. ಅಚ್ಚುಮೊಳೆಗಳನ್ನು ಜೋಡಿಸದೆ, ಕೈಯಲ್ಲಿ ಬರೆದ ಅಕ್ಷರವನ್ನೇ ಕಲ್ಲಿನಿಂದ ಕಾಗದಕ್ಕೆ ಇಳಿಸುವ ಕ್ರಮವದು. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಆ ಪತ್ರಿಕೆ 1844ರಲ್ಲಿ ಬಳ್ಳಾರಿಗೆ ಸಾಗಿ 'ಕನ್ನಡ ಸಮಾಚಾರ'ವಾಯಿತು.

ಏನು ಬರೆಯಬೇಕೆಂಬುದು ಆರಂಭಿಸುವವರ ಮೊದಲ ತೊಡಕು. ದೇಶಭಕ್ತಿ, ಪರಿಸರ, ಸಮಯಪಾಲನೆ ಎಂಬ ವಿಷಯಗಳನ್ನು ಮಕ್ಕಳು ಶಾಲೆಯಲ್ಲಿ ಬರೆದೇ ಇರುತ್ತಾರೆ. ಮನೆಯ ಪತ್ರಿಕೆಗೆ ಬೇಕಾದದ್ದು ಬೇರೆ ಯಾರೂ ಬರೆಯಲಾರದ ಸಂಗತಿ. ಗುಡ್ಡದ ಮುರಕಲ್ಲನ್ನು ಅಡ್ಡಲಾಗಿ ಕೊರೆದು ನೀರು ತರುವ ಸುರಂಗ ಕಾಸರಗೋಡಿನ ಅನೇಕ ತೋಟಗಳಲ್ಲಿದೆ. ಅದನ್ನು ಯಾರು ಕೊರೆದರು, ಎಷ್ಟು ಕೋಲು ಹೋದ ಮೇಲೆ ನೀರು ಸಿಕ್ಕಿತು, ಒಳಗೆ ಉಸಿರಾಟಕ್ಕೆ ಏನು ಮಾಡಿದರು ಎಂದು ಅಜ್ಜನನ್ನು ಕೇಳಿ ಬರೆದರೆ ಒಂದು ಪುಟ ತುಂಬುತ್ತದೆ. ತೋಡಿಗೆ ಕಟ್ಟ ಹಾಕುವ ಕೆಲಸ, ಅಡಿಕೆ ಸುಲಿಯುವ ರಾತ್ರಿ, ಬೀಡಿ ಕಟ್ಟುವ ಅತ್ತೆಯ ಲೆಕ್ಕ, ಬಯಲಾಟದ ಚೌಕಿ: ಇವೆಲ್ಲ ಇಂಥವೇ. ಮನೆಮಾತು ತುಳುವೋ ಹವ್ಯಕವೋ ಕರಾಡವೋ ಆಗಿದ್ದರೆ, ಆ ಮಾತಿನ ಪದಗಳನ್ನು ಹಾಗೆಯೇ ಬರೆದು ಪಕ್ಕದಲ್ಲಿ ಅರ್ಥ ಕೊಡಬಹುದು.

ಎರಡನೆಯ ತೊಡಕು ನಿರಂತರತೆ. ಮೊದಲ ಸಂಚಿಕೆ ದಪ್ಪವಾಗಿ ಬಂದು ಮೂರನೆಯದು ಬಾರದೆ ಹೋಗುವುದು ಹೊಸಬರ ಸಾಮಾನ್ಯ ಗತಿ. ಆದುದರಿಂದ ಮೂರು ಸಂಚಿಕೆಗಳಿಗೆ ಸಾಲುವಷ್ಟು ಬರಹ ಕೈಯಲ್ಲಿದ್ದ ಮೇಲೆಯೇ ಮೊದಲನೆಯದನ್ನು ಹೊರಡಿಸುವುದು ಜಾಣತನ. ಓದುಗರ ಸಂಖ್ಯೆಯೂ ಮೆಲ್ಲನೆ ಬೆಳೆಯತಕ್ಕದ್ದು. ಒಂದು ಪ್ರತಿ ಊರಿನ ವಾಚನಾಲಯಕ್ಕೆ, ಒಂದು ನೆರೆಮನೆಗೆ, ಪುಟಗಳ ಚಿತ್ರ ಗಲ್ಫಿನಲ್ಲಿರುವ ಮಾವನ ವಾಟ್ಸಾಪಿಗೆ. ಕಣ್ಣು ಮಂಜಾದ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಓದಿದವರಿಂದ ಎರಡು ಸಾಲಿನ ಉತ್ತರ ಪಡೆದು ಮುಂದಿನ ಸಂಚಿಕೆಯಲ್ಲಿ ಸೇರಿಸಿದರೆ, ಅವರು ಅದಕ್ಕಾಗಿ ಕಾಯತೊಡಗುತ್ತಾರೆ. ಟೈಪು ಮಾಡುವುದಾದರೆ ಯುನಿಕೋಡಿನಲ್ಲಿ ಮಾಡಬೇಕು. ಹಳೆಯ ಫಾಂಟುಗಳ ಕಡತವು ಬೇರೆ ಯಂತ್ರದಲ್ಲಿ ಅಕ್ಷರ ಕೆಟ್ಟು ಕಾಣುವುದುಂಟು.

ಇನ್ನು ಪೋಷಕರು ತಿಳಿದಿರಬೇಕಾದ ಕಾನೂನಿನ ಮಾತು. ಮಗು ಸ್ವಂತವಾಗಿ ಬರೆದ ಕತೆಯ ಹಕ್ಕುಸ್ವಾಮ್ಯವು, 1957ರ ಹಕ್ಕುಸ್ವಾಮ್ಯ ಕಾಯ್ದೆಯಂತೆ, ಬರೆದ ಕ್ಷಣದಿಂದಲೇ ಆ ಮಗುವಿನದು. ನೋಂದಣಿ ಕಡ್ಡಾಯವಲ್ಲ, ಶುಲ್ಕವೂ ಇಲ್ಲ. ಅದೇ ಕಾಯ್ದೆ ಇತರರ ಬರಹವನ್ನೂ ಕಾಯುತ್ತದೆ. ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಆ ರಕ್ಷಣೆ ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ನಿಧನರಾದದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳನ್ನು 2024ರ ಜನವರಿ 1ರಿಂದ ಯಾರು ಬೇಕಾದರೂ ಮರುಮುದ್ರಿಸಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ನಿಧನರಾದದ್ದು 2015ರಲ್ಲಿ. ಅವರ ಕವಿತೆಯನ್ನು ಪೂರ್ತಿಯಾಗಿ ಅಚ್ಚು ಹಾಕಲು 2075ರ ಕೊನೆಯವರೆಗೆ ಹಕ್ಕುದಾರರ ಅನುಮತಿ ಬೇಕು. ಕವಿಯ ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಪಡೆದಂತಾಗುವುದಿಲ್ಲ. ವಿಮರ್ಶೆಗಾಗಿ ಕೆಲವು ಸಾಲು ಉದ್ಧರಿಸಲು ಅಡ್ಡಿಯಿಲ್ಲ. ಅಜ್ಜಿ ಹೇಳುವ ಜನಪದ ಕತೆ ಎಲ್ಲರ ಸ್ವತ್ತು; ಅದನ್ನು ಇನ್ನೊಬ್ಬರು ತಮ್ಮ ಪುಸ್ತಕದಲ್ಲಿ ಬರೆದಿಟ್ಟ ವಾಕ್ಯಗಳು ಹಾಗಲ್ಲ. ಅಂತರ್ಜಾಲದಲ್ಲಿ ಸಿಕ್ಕ ಚಿತ್ರಕ್ಕೂ ಒಡೆಯರಿರುತ್ತಾರೆ; ಮಗುವೇ ಬಿಡಿಸಿದ ಚಿತ್ರ ಎಲ್ಲಕ್ಕಿಂತ ಒಳ್ಳೆಯದು.

ನೆರೆಹೊರೆಯವರ ಬಗ್ಗೆ ಬರೆಯುವಾಗ ಎಚ್ಚರ ಹೆಚ್ಚಿರಲಿ. ಒಬ್ಬರ ಮಾನಕ್ಕೆ ಕುಂದು ತರುವ ಮಾತು ನಿಜವೇ ಆಗಿದ್ದರೂ, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಅಗತ್ಯವಾಗಿತ್ತೆಂದು ತೋರಿಸಬೇಕಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಂ ಹೇಳುವುದು ಇದನ್ನೇ. ಮಕ್ಕಳ ಪೂರ್ಣ ವಿಳಾಸ, ಫೋನ್ ಸಂಖ್ಯೆಗಳನ್ನು ಹಾಕಬಾರದು. ಅವರ ಭಾವಚಿತ್ರಕ್ಕೆ ತಂದೆತಾಯಿಯ ಒಪ್ಪಿಗೆ ಪಡೆಯಬೇಕು. ಪತ್ರಿಕೆ ಬೆಳೆದು, ಸಾರ್ವಜನಿಕ ಸುದ್ದಿ ಮತ್ತು ಅದರ ಮೇಲಿನ ಅಭಿಪ್ರಾಯಗಳೊಂದಿಗೆ ನಿಯತಕಾಲಿಕವಾಗಿ ಮುದ್ರಣಗೊಳ್ಳುವ ಹಂತಕ್ಕೆ ಬಂದರೆ, 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಹೊಸ ಪತ್ರಿಕಾ ನೋಂದಣಿ ಕಾಯ್ದೆಯಂತೆ ನೋಂದಾಯಿಸಿಕೊಳ್ಳಬೇಕು. ಮನೆಯೊಳಗೆ ಕೈಯಿಂದ ಕೈಗೆ ಹೋಗುವ ಕೈಬರಹದ ಹಾಳೆಗೆ ಆ ಚಿಂತೆಯಿಲ್ಲ.

ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂದಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆನ್ನುವ 350ಎ ವಿಧಿ ಹುಟ್ಟಿದ್ದು ಆ ತಿದ್ದುಪಡಿಯಿಂದ. ಭಾಷೆ, ಲಿಪಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು 29ನೆಯ ವಿಧಿ ಮೊದಲೇ ಕೊಟ್ಟಿತ್ತು. ಅಧ್ಯಾಪಕರ ನೇಮಕ, ಪಠ್ಯಪುಸ್ತಕ, ಕನ್ನಡದ ಪ್ರಶ್ನೆಪತ್ರಿಕೆಗಳಿಗಾಗಿ ಈ ವಿಧಿಗಳ ಬಲದಿಂದ ಹೋರಾಡುವುದು ಹಿರಿಯರ ಕೆಲಸ. ಅದು ನಡೆಯುತ್ತಲೇ ಇರಬೇಕು. ಮಗುವಿನ ಬರಹಕ್ಕೆ ಓದುಗರನ್ನು ಒದಗಿಸಲು ಮಾತ್ರ ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ. ಬರುವ ತಿಂಗಳ ಒಂದು ಭಾನುವಾರವನ್ನು ಗೊತ್ತುಮಾಡಿ, ಮನೆಯ ಮಕ್ಕಳ ಮುಂದೆ ಎರಡು ಬಿಳಿ ಹಾಳೆ ಇಟ್ಟರೆ ಕೆಲಸ ಆರಂಭವಾದಂತೆ.