ಒಣಗಿದ ಹಳ್ಳಕ್ಕೆ ಹುಳ ಎಲ್ಲಿಂದ ಬಂದವು?

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮೂರ ಹಳ್ಳ ಪೂರಾ ಒಣಗುತ್ತದೆ. ಮಳೆಗಾಲ ಶುರುವಾಗಿ ಕೆಲವೇ ವಾರಗಳಲ್ಲಿ ಕಲ್ಲು ಎತ್ತಿದರೆ ಅಡಿಯಲ್ಲಿ ಹುಳಗಳು! ಎಲ್ಲಿಂದ ಬರುತ್ತವೆ?
– ಓದುಗರೊಬ್ಬರು, ರಾಮದುರ್ಗ

ಉತ್ತರ: ಬಹುಪಾಲು ಆಕಾಶಮಾರ್ಗವಾಗಿ. ಮೇಫ್ಲೈ, ಕ್ಯಾಡಿಸ್ ನೊಣ, ಏರೋಪ್ಲೇನ್ ಚಿಟ್ಟೆಗಳೆಲ್ಲ ಎಳವೆಯಲ್ಲಿ ನೀರಿನವು, ಬೆಳೆದ ಮೇಲೆ ರೆಕ್ಕೆಯವು. ಮುಂಗಾರಿನ ಗಾಳಿಯೊಂದಿಗೆ ಹಿಂಡಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆ ಹೊಸ ನೀರು ಕಂಡಲ್ಲಿ ಮೊಟ್ಟೆಯಿಡುತ್ತದೆ. ಸುಮಾರು ಎರಡು ತಿಂಗಳಲ್ಲಿ ಮರಿಗೆ ರೆಕ್ಕೆ ಬಂದು, ಹಳ್ಳ ಬತ್ತುವ ಮೊದಲೇ ಪರಾರಿ. ಕೆಲವು ಮೇಫ್ಲೈ ಹೆಣ್ಣುಗಳಂತೂ ನೀರೊಳಗೇ ಇಳಿದು ಕಲ್ಲಿಗೆ ಮೊಟ್ಟೆ ಅಂಟಿಸುತ್ತವೆ.

ಮರಿಗಳು ಹರಿವಿನಲ್ಲಿ ತೇಲಿಯೂ ಬರುತ್ತವೆ, ಹೆಚ್ಚಾಗಿ ರಾತ್ರಿ. ಹಗಲಲ್ಲಿ ಮೀನಿನ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹೀಗೆ ಕಿತ್ತೂರು, ಬೈಲಹೊಂಗಲದ ಕಡೆಗೆ ಹುಳಗಳನ್ನು ಹೊತ್ತು ತರಬಲ್ಲಳು. ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯ ನಿಂತ ನೀರಿನಲ್ಲಿ ಈ ಪಯಣಕ್ಕೆ ತಡೆ. ಹಾಗಾಗಿ ಅಣೆಕಟ್ಟೆಯ ಕೆಳಗಿರುವ ನಿಮ್ಮ ಕಡೆ ಹಾರಿ ಬಂದವುಗಳದ್ದೇ ಮೇಲುಗೈ ಎಂಬುದು ನನ್ನ ಅಂದಾಜು.

ಇನ್ನು ಕೆಲವು ಎಲ್ಲಿಗೂ ಹೋಗಿರಲೇ ಇಲ್ಲ. ಮೇಲೆ ಉಸುಕು ಸುಡುತ್ತಿದ್ದರೂ ಅಡಿಯಲ್ಲಿ ತೇವವಿರುತ್ತದೆ. ಒರತೆ ತೋಡಿದವರಿಗೆ ಇದು ಗೊತ್ತು. ಸಣ್ಣ ಮರಿಗಳೂ ಮೊಟ್ಟೆಗಳೂ ಅಲ್ಲಿ ಬೇಸಿಗೆ ಕಳೆಯುತ್ತವೆ. ನೀರಿನ ದಪ್ಪ ಬಸವನಹುಳುವಾದರೆ ಚಿಪ್ಪಿನ ಮುಚ್ಚಳ ಬಿಗಿದುಕೊಂಡು ಕೆಸರಿನಲ್ಲಿ ತಿಂಗಳುಗಟ್ಟಲೆ ಮಲಗಿಬಿಡುತ್ತದೆ.