ಬುಧವಾರ ಸಂಜೆ, ರೋಟರಿ ಭವನದಲ್ಲಿ

ಬಸ್ ಸ್ಟ್ಯಾಂಡಿನಿಂದ ಕೋರ್ಟ್ ರಸ್ತೆ ಹಿಡಿದು ನಡೆದರೆ ಮೊದಲು ಸಿಗುವುದು ತಾಲ್ಲೂಕು ಆಸ್ಪತ್ರೆ. ಅದರ ಕಾಂಪೌಂಡ್ ಮುಗಿದ ಕೂಡಲೇ ಎಡಕ್ಕೆ ನೀಲಿ ಗೇಟು, ಗೇಟಿನ ಮೇಲೆ ಇಪ್ಪತ್ತನಾಲ್ಕು ಹಲ್ಲುಗಳ ಹಳದಿ ಚಕ್ರ. ಮಲೆನಾಡಿನ ಪೇಟೆಗಳಲ್ಲಿ ಇಂಥದೊಂದು ರೋಟರಿ ಭವನ ಕಣ್ಣಿಗೆ ಬೀಳುವುದು ಸಾಮಾನ್ಯ. ಆರತಕ್ಷತೆಗೆ, ತಾಳಮದ್ದಲೆಗೆ, ಬ್ಯಾಂಕಿನವರ ಬೀಳ್ಕೊಡುಗೆಗೆ ಬಾಡಿಗೆಗೆ ಸಿಗುವ ಹಾಲ್ ಎಂದಷ್ಟೇ ಊರವರಿಗೆ ಅದರ ಗುರುತು. ಅಲ್ಲಿನ ವಾರದ ಸಭೆಯನ್ನು ಪೂರ್ತಿ ಕೂತು ನೋಡಬೇಕೆಂದು ಅಡಿಕೆ ಕೊಯ್ಲು ಶುರುವಾಗಿದ್ದ ದಿನಗಳಲ್ಲಿ ಅತಿಥಿಯಾಗಿ ಹೋದೆ.

ಮೊಗಸಾಲೆಯಲ್ಲಿ ಮಾಜಿ ಅಧ್ಯಕ್ಷರ ಹೆಸರು ಬರೆದ ಮರದ ಹಲಗೆ ಇದೆ. ಅವಸರದಲ್ಲಿ ದಾಟಿ ಹೋಗುವ ವಸ್ತುವಲ್ಲ ಅದು. ಮೇಲಿನ ಸಾಲುಗಳಲ್ಲಿ ವೈದ್ಯರು, ವಕೀಲರು, ಅಡಿಕೆ ಮಂಡಿಯವರು, ತೋಟದ ಮಾಲೀಕರು. ಕೆಳಗೆ ಬರುತ್ತ ಬರುತ್ತ ಎಂಜಿನಿಯರು, ಔಷಧಿ ಅಂಗಡಿಯವರು, ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಮೊದಲ ಹೆಣ್ಣು ಹೆಸರು ಕಾಣಲು ಕಣ್ಣನ್ನು ಬಹಳ ಕೆಳಗೆ ಇಳಿಸಬೇಕು. ಅದಕ್ಕೆ ಊರೊಂದನ್ನೇ ದೂರುವಂತಿಲ್ಲ. 1905ರಲ್ಲಿ ಹುಟ್ಟಿದ ರೋಟರಿ ಜಗತ್ತಿನಾದ್ಯಂತ ಮಹಿಳೆಯರಿಗೆ ಬಾಗಿಲು ತೆರೆದದ್ದು 1989ರಲ್ಲಿ. ಅದೂ ಅಮೆರಿಕದ ಸುಪ್ರೀಂ ಕೋರ್ಟು 1987ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟ ಮೇಲೆ. ಅಲ್ಲಿಯವರೆಗೆ ಸದಸ್ಯರ ಹೆಂಡತಿಯರಿಗೆ ಇದ್ದದ್ದು ಇನ್ನರ್ ವೀಲ್ ಎಂಬ ಪ್ರತ್ಯೇಕ ಸಂಘ. ಸೇವೆಯ ಮಾತಾಡುವ ಸಂಸ್ಥೆಯೊಂದು ಅರ್ಧ ಸಮಾಜವನ್ನು ಎಂಬತ್ತು ವರ್ಷಕ್ಕೂ ಹೆಚ್ಚು ಕಾಲ ಹೊರಗಿಟ್ಟಿತ್ತು ಎಂಬುದು ಆ ಹಲಗೆಯ ಮುಂದೆ ನಿಂತಾಗ ಚುಚ್ಚುತ್ತದೆ. ಈ ವರ್ಷ ಅಧ್ಯಕ್ಷರ ಕುರ್ಚಿಯಲ್ಲಿರುವವರು ದಂತವೈದ್ಯೆ.

ಏಳೂಕಾಲಿಗೆ ಅವರು ಮೇಜಿನ ಮೇಲಿನ ಗಂಟೆ ಬಾರಿಸಿದರು. ಸಾರ್ಜೆಂಟ್ ಅಟ್ ಆರ್ಮ್ಸ್ ಎಂಬ ಹುದ್ದೆಯ ತರುಣ ಸದಸ್ಯ ಅತಿಥಿಗಳನ್ನು ವೇದಿಕೆಗೆ ಕರೆದ. ಪ್ರಾರ್ಥನೆ ಆಯಿತು. ನಂತರ ಒಬ್ಬರು ಎದ್ದು ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ಓದಿದರು. ನಾವು ಆಡುವುದು, ಮಾಡುವುದು ನಿಜವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸೀತೇ, ಎಲ್ಲರಿಗೂ ಒಳಿತಾದೀತೇ ಎಂಬುದು ಅದರ ಸಾರ. 1932ರಲ್ಲಿ ಆರ್ಥಿಕ ಕುಸಿತದ ನಡುವೆ ದಿವಾಳಿಯ ಅಂಚಿನಲ್ಲಿದ್ದ ಅಲ್ಯೂಮಿನಿಯಂ ಪಾತ್ರೆ ಕಂಪನಿಯನ್ನು ಎತ್ತಿ ನಿಲ್ಲಿಸಲು ಹರ್ಬರ್ಟ್ ಟೇಲರ್ ಎಂಬ ಷಿಕಾಗೋದ ವ್ಯಾಪಾರಿ ತನ್ನ ನೌಕರರಿಗಾಗಿ ಬರೆದುಕೊಂಡ ಪ್ರಶ್ನೆಗಳು ಇವು. ಪಾತ್ರೆ ಮಾರಲು ಹುಟ್ಟಿದ ಮಾತುಗಳನ್ನು ಮಂಡಿ ವ್ಯಾಪಾರಿಯೊಬ್ಬರು ತಮ್ಮದೇ ಕನ್ನಡದಲ್ಲಿ, ತಡವರಿಸದೆ ಓದಿದ್ದು ನನಗೆ ಬಹಳ ಇಷ್ಟವಾಯಿತು.

ಹುಟ್ಟುಹಬ್ಬದವರಿಗೆ ಗುಲಾಬಿ, ಕಾರ್ಯದರ್ಶಿಯ ವರದಿ, ಬರಬೇಕಾದ ರೋಟರಿ ಜಿಲ್ಲಾ ಗವರ್ನರ್ ಭೇಟಿಯ ತಯಾರಿ ಇವೆಲ್ಲ ಬೇಗ ಮುಗಿದವು. ಹೊರಗಿನವರು ಇದನ್ನೇ ನೋಡಿ, ಹಾರ, ಶಾಲು, ಫೋಟೊ ಎಂದು ಮಾತು ಮುಗಿಸುತ್ತಾರೆ. ನಿಜವಾದ ಸಭೆ ಶುರುವಾದದ್ದು ಅದರ ಮೇಲೆ.

ಅಂದಿನ ಭಾಷಣಕ್ಕೆ ಬಂದವರು ಸರ್ಕಾರಿ ಆರೋಗ್ಯ ಇಲಾಖೆಯ ವೈದ್ಯರು. ವಿಷಯ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ಉಣುಗಿನ ಕಡಿತದಿಂದ ಬರುತ್ತದೆ. ಮಳೆ ನಿಂತು ಕಾಡು ಒಣಗುವ ಕಾಲ, ಅಂದರೆ ಡಿಸೆಂಬರಿನಿಂದ ಮೇ ತನಕ, ಅದರ ಕಾಟ ಹೆಚ್ಚು. ದರಗು, ಸೊಪ್ಪು ತರಲು ಕಾಡಿಗೆ ಹೋಗುವವರೇ ಹೆಚ್ಚಾಗಿ ಬಲಿಯಾಗುವುದು. ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲವನ್ನು ಇಲಾಖೆ ಹಂಚುತ್ತದೆ, ಆದರೆ ಹಳ್ಳಿಗೆ ಹೋಗಿ ಹೇಳುವ ಜನ ಸಾಲದು ಎಂದರು ವೈದ್ಯರು.

ಹಿಂದಿನ ಸಾಲಿನಿಂದ ತೋಟದ ಮಾಲೀಕರೊಬ್ಬರು ಎದ್ದರು. "ಡಾಕ್ಟ್ರೇ, ನಮ್ಮ ಜೀಪು ಭಾನುವಾರ ಖಾಲಿ. ಎಲ್ಲಿಗೆ ಬರ್ಬೇಕು ಹೇಳಿ."

ಮುಖ್ಯೋಪಾಧ್ಯಾಯರು, "ನಮ್ಮ ಶಾಲೆಗೆ ಆ ಕಡೆಯ ನಾಲ್ಕು ಹಳ್ಳಿ ಮಕ್ಕಳು ಬರ್ತಾರೆ. ಮಕ್ಕಳ ಕೈಲಿ ಚೀಟಿ ಕಳ್ಸಿದ್ರೆ ಮನೆ ಮನೆ ಮುಟ್ಟುತ್ತೆ" ಎಂದರು. ಪ್ರಿಂಟಿಂಗ್ ಪ್ರೆಸ್ಸಿನವರು ಚೀಟಿಯ ಕಾಗದ ತಮ್ಮದು ಎಂದರು. ಅಧ್ಯಕ್ಷೆ ಬರೆದುಕೊಂಡರು. ಭಾಷಣ ಮುಗಿದು ಕಾಲು ಗಂಟೆ ಕಳೆಯುವಷ್ಟರಲ್ಲಿ ವಾಹನ, ಜನ, ಕಾಗದ, ದಿನ ಎಲ್ಲ ಗೊತ್ತಾಗಿತ್ತು. ಅರ್ಜಿ ಇಲ್ಲ, ಮಂಜೂರಾತಿ ಇಲ್ಲ. ಬೇರೆ ಬೇರೆ ಕಸುಬಿನ ಮೂವತ್ತು ಜನ ವಾರ ವಾರ ಒಂದೇ ಕೋಣೆಯಲ್ಲಿ ಕೂರುವುದರ ಪ್ರಯೋಜನವನ್ನು ನಾನು ಕಣ್ಣಾರೆ ಕಂಡದ್ದು ಆ ಕಾಲು ಗಂಟೆಯಲ್ಲಿ.

ರೋಟರಿ ಹುಟ್ಟಿದ್ದೂ ಹಾಗೆಯೇ. 1905ರ ಫೆಬ್ರವರಿ 23ರಂದು ಷಿಕಾಗೋದ ಒಂದು ಕಚೇರಿಯಲ್ಲಿ ಸೇರಿದವರು ನಾಲ್ವರು: ವಕೀಲ ಪಾಲ್ ಹ್ಯಾರಿಸ್, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಹ್ಯಾರಿಸ್‌ಗೆ ಬೇಕಾಗಿದ್ದದ್ದು ದೊಡ್ಡ ಊರಿನಲ್ಲಿ ನಾಲ್ಕು ಜನ ಸ್ನೇಹಿತರು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಆ ಹೆಸರು ಬಂತು. ಸೇವೆ ಆಮೇಲಿನದು, ಅವರು ಮೊದಲು ಕೈಹಾಕಿದ್ದು ಪೇಟೆಯಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಕೆಲಸಕ್ಕೆ. ಭಾರತಕ್ಕೆ ಅದು ಬಂದದ್ದು 1919ರಲ್ಲಿ, ಕಲ್ಕತ್ತೆಯ ಮೂಲಕ. ಈಗ ಜಗತ್ತಿನಲ್ಲಿ ಸುಮಾರು 12 ಲಕ್ಷ ಸದಸ್ಯರು.

ರಾಷ್ಟ್ರಗೀತೆಯ ನಂತರ ಊಟ. ಚಪಾತಿ, ಸಾಗು, ಅನ್ನ, ಅಪ್ಪೆಹುಳಿ, ಮಜ್ಜಿಗೆ. ಕಲಾಪಕ್ಕಿಂತ ಹೆಚ್ಚು ಕೆಲಸ ಈ ಹೊತ್ತಿನಲ್ಲಿ ಆಗುತ್ತದೆ ಎಂದು ಹಳಬರೊಬ್ಬರು ಹೇಳಿದರು. ಕೋರ್ಟಿನಲ್ಲಿ ಎದುರುಬದುರಾಗುವ ವಕೀಲರಿಬ್ಬರು ಒಂದೇ ಮೇಜಿನಲ್ಲಿದ್ದರು. ಚುನಾವಣೆಯಲ್ಲಿ ಬೇರೆ ಬೇರೆ ಪಕ್ಷಕ್ಕೆ ದುಡಿದವರು ಪಕ್ಕಪಕ್ಕದಲ್ಲಿ ಬಡಿಸಿಕೊಳ್ಳುತ್ತಿದ್ದರು. ಮೊದಲು ವಾರದ ಹಾಜರಿ ಕಟ್ಟುನಿಟ್ಟು, ತಪ್ಪಿದರೆ ಇನ್ನೊಂದು ಊರಿನ ಕ್ಲಬ್ಬಿಗೆ ಹೋಗಿ ತುಂಬಿಕೊಡಬೇಕಿತ್ತು. 2016ರಿಂದ ನಿಯಮ ಸಡಿಲವಾಗಿ, ತಿಂಗಳಿಗೆ ಎರಡು ಸಭೆ ಆದರೂ ಸಾಕು. ಇಲ್ಲಿನವರು ವಾರದ ಸಭೆಯನ್ನು ಬಿಟ್ಟಿಲ್ಲ. ಅದು ಸರಿಯಾದ ನಿರ್ಧಾರ.

ಊಟವಾದ ಮೇಲೆ ಆಸ್ಪತ್ರೆಯ ನಿವೃತ್ತ ಫಾರ್ಮಸಿಸ್ಟ್ ಒಬ್ಬರು ನನ್ನನ್ನು ಹಿಂಬದಿಯ ಕೋಣೆಗೆ ಕರೆದೊಯ್ದರು. ಇಡೀ ಭವನದಲ್ಲಿ ನೋಡಲೇಬೇಕಾದ ಜಾಗ ಇದು. ಗೋಡೆಗುಂಟ ಗಾಲಿಕುರ್ಚಿಗಳು, ವಾಕರುಗಳು, ಕಮೋಡ್ ಕುರ್ಚಿಗಳು, ತಲೆಕಡೆ ಎತ್ತಬಹುದಾದ ಆಸ್ಪತ್ರೆ ಮಂಚಗಳು, ಹುಣ್ಣಾಗದಂತೆ ಹಾಸುವ ಗಾಳಿ ಹಾಸಿಗೆಗಳು, ಕೊರೊನಾ ಕಾಲದಲ್ಲಿ ಬಂದ ಆಕ್ಸಿಜನ್ ಯಂತ್ರಗಳು, ಸಾವಿನ ಮನೆಗೆ ಕಳಿಸುವ ಫ್ರೀಜರ್ ಪೆಟ್ಟಿಗೆ. ಒಂದಿಷ್ಟು ಠೇವಣಿ ಕಟ್ಟಿ ಯಾರು ಬೇಕಾದರೂ ಒಯ್ಯಬಹುದು. ಹಿಂದಿರುಗಿಸಿದಾಗ ದುಡ್ಡು ವಾಪಸು. ಠೇವಣಿಯೂ ಕಷ್ಟ ಎಂದವರಿಗೆ ಸದಸ್ಯರೊಬ್ಬರು ಸಹಿ ಹಾಕಿದರೆ ಆಯಿತು. ಉದ್ದ ಲೆಡ್ಜರಿನಲ್ಲಿ ಪ್ರತಿ ವಸ್ತುವಿನ ಹೋಗಿಬಂದ ಲೆಕ್ಕ.

ನಾವು ಅಲ್ಲಿರುವಾಗಲೇ ಆಟೋದಲ್ಲಿ ತಾಯಿ ಮಗ ಬಂದರು. ತಂದೆಗೆ ಸೊಂಟದ ಆಪರೇಷನ್ ಆಗಿ ಮಾರನೇ ದಿನ ಡಿಸ್ಚಾರ್ಜ್. ಫಾರ್ಮಸಿಸ್ಟ್ ವಾಕರಿನ ಎತ್ತರ ಸರಿಮಾಡುವುದನ್ನು ಮಗನಿಂದಲೇ ಮಾಡಿಸಿದರು. ತಾಯಿಗೆ, "ಅಮ್ಮಾ, ಗಾಲಿಕುರ್ಚಿಗೆ ಮೊದ್ಲು ಬ್ರೇಕ್ ಹಾಕಿ, ಆಮೇಲೆ ಕೂರ್ಸಿ. ಬಚ್ಚಲಿಗೆ ಹೋಗುವಾಗ ಒಬ್ಬರು ಜೊತೆಗಿರಿ" ಎಂದರು. ದುಡ್ಡಿದ್ದವರು ಈ ಸಾಮಾನನ್ನು ಕೊಳ್ಳಬಹುದು. ಕೊಂಡವರಿಗೆ ಈ ಮಾತು ಸಿಗುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಸರ್ಕಾರಿ ಶಾಲೆಯಲ್ಲಿ ಕ್ಲಬ್ಬಿನ ಕಣ್ಣಿನ ಶಿಬಿರ. ಕರ್ನಾಟಕದವರಿಗೆ ಈ ನೋಟ ಹೊಸತಲ್ಲ. ಬೀಳಗಿಯವರಾದ ಡಾ. ಎಂ. ಸಿ. ಮೋದಿ ಊರೂರು ಸುತ್ತಿ ಶಾಲೆ, ಛತ್ರಗಳಲ್ಲಿ ಸಾಲಾಗಿ ಮಲಗಿಸಿ ಪೊರೆ ತೆಗೆದದ್ದನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. 1968ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಈಗ ಶಾಲೆಯಲ್ಲಿ ಆಪರೇಷನ್ ಮಾಡುವುದಿಲ್ಲ. ಸೋಂಕಿನ ಭಯದಿಂದ ಆ ಪದ್ಧತಿ ನಿಂತಿದೆ. ಇಲ್ಲಿ ಅಕ್ಷರದ ಹಲಗೆ ಓದಿಸಿ, ಬಿ.ಪಿ., ಸಕ್ಕರೆ ನೋಡಿ, ಪೊರೆ ಬಲಿತವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು, ಲೆನ್ಸ್ ಹಾಕಿಸಿ, ವಾಪಸು ತಂದು ಬಿಡುತ್ತಾರೆ. ರೋಟರಿಯದೇ ಇಂಟರ್‍ಯಾಕ್ಟ್ ಕ್ಲಬ್ಬಿನ ಹೈಸ್ಕೂಲು ಮಕ್ಕಳು ಅಜ್ಜ ಅಜ್ಜಿಯರ ಕೈಹಿಡಿದು ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು. ಸಕ್ಕರೆ ಹೆಚ್ಚಿದೆ ಎಂದು ಆ ದಿನ ಬಸ್ಸು ಹತ್ತಲಾಗದ ಅಜ್ಜಿಯೊಬ್ಬರ ಬೇಸರ ಹೇಳತೀರದು. ಅವರ ಹೆಸರು, ಮಗನ ಫೋನ್ ನಂಬರ್ ಬರೆದುಕೊಂಡು, ಮುಂದಿನ ಸಲಕ್ಕೆ ಸಕ್ಕರೆ ಇಳಿಸಿಕೊಂಡು ಬರುವಂತೆ ಅಧ್ಯಕ್ಷೆಯೇ ಪಕ್ಕದಲ್ಲಿ ಕೂತು ಹೇಳಿದರು.

ಕೊರತೆಗಳೂ ಇವೆ, ಮುಚ್ಚಿಡಬಾರದು. ರೋಟರಿ ವರ್ಷ ಜುಲೈ 1ಕ್ಕೆ ಶುರು, ಜೂನ್ 30ಕ್ಕೆ ಮುಗಿತ. ಅಧ್ಯಕ್ಷರೂ ಅಷ್ಟೇ ದಿನ. ಪ್ರತಿ ಅಧ್ಯಕ್ಷರಿಗೂ ತಮ್ಮ ಕಾಲದಲ್ಲಿ ಹೊಸದೊಂದು ಆಗಬೇಕು ಎಂಬ ಆಸೆ. ಹಾಗಾಗಿ ಉದ್ಘಾಟನೆ ಹೆಚ್ಚು, ನಿರ್ವಹಣೆ ಕಡಿಮೆ. ಇಂಥ ದಾನದ ಕುಡಿಯುವ ನೀರಿನ ಯಂತ್ರ, ಫಿಲ್ಟರ್ ಬದಲಿಸುವವರಿಲ್ಲದೆ ಶಾಲೆಯ ಮೂಲೆಯಲ್ಲಿ ಧೂಳು ತಿನ್ನುವುದನ್ನು ಹಲವು ಕಡೆ ನೋಡಿದ್ದೇನೆ. ದಾನಿಯ ಹೆಸರು ಮಾತ್ರ ಅದರ ಮೇಲೆ ಸ್ಪಷ್ಟವಾಗಿರುತ್ತದೆ. ಹೊಸ ಯೋಜನೆಗೆ ಕೈಹಾಕುವ ಮುನ್ನ ಹಳೆಯ ಮೂರನ್ನು ಹೋಗಿ ನೋಡಿಬರಬೇಕೆಂಬ ನಿಯಮ ಎಲ್ಲ ಕ್ಲಬ್ಬುಗಳಲ್ಲೂ ಬರಬೇಕು.

ಬಿಡದೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಸಂಸ್ಥೆ ಸಾಕ್ಷಿ. 1985ರಲ್ಲಿ ರೋಟರಿ ಪೋಲಿಯೋ ಕೆಲಸಕ್ಕೆ ಇಳಿಯಿತು. ಅಧ್ಯಕ್ಷರು ಬದಲಾದರೂ ಕೆಲಸ ಬದಲಾಗಲಿಲ್ಲ. ಪೋಲಿಯೋ ಭಾನುವಾರಗಳಲ್ಲಿ ಆಶಾ, ಅಂಗನವಾಡಿ ಕಾರ್ಯಕರ್ತೆಯರು ಹನಿ ಹಾಕಿ ಮಕ್ಕಳ ಬೆರಳಿಗೆ ಗುರುತು ಹಚ್ಚುತ್ತಿದ್ದಾಗ, ಅವರಿಗೆ ತಿಂಡಿ, ವಾಹನ ಒದಗಿಸಿದವರಲ್ಲಿ ಇಂಥ ಸಣ್ಣ ಪೇಟೆಗಳ ಸದಸ್ಯರೂ ಇದ್ದರು. ಭಾರತದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೋ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು.

ಮಂಗನ ಕಾಯಿಲೆಯ ಚೀಟಿ ಹೊತ್ತ ಜೀಪು ಅದೇ ಭಾನುವಾರ ಮಧ್ಯಾಹ್ನ ಶಾಲೆಯಿಂದ ಹೊರಟಿತು.

ನಿಮ್ಮ ಊರಿನಲ್ಲೂ ರೋಟರಿಯೋ ಲಯನ್ಸೋ ಇನ್ನೊಂದೋ ಕ್ಲಬ್ಬು ಇದ್ದೀತು. ಒಂದು ಸಂಜೆ ಅತಿಥಿಯಾಗಿ ಹೋಗಿ ಕೂತು ನೋಡಿ. ಅದಕ್ಕೂ ಮೊದಲು ಮನೆಯ ಅಟ್ಟ ಹುಡುಕಿ. ಅಜ್ಜನಿಗೋ ಅತ್ತೆಗೋ ಕೊಂಡು, ಅವರ ಕಾಲದ ನಂತರ ಯಾರೂ ಮುಟ್ಟದ ವಾಕರ್, ಗಾಲಿಕುರ್ಚಿ, ಗಾಳಿ ಹಾಸಿಗೆ ಇದ್ದರೆ ಒರೆಸಿ, ಅಂಥದೊಂದು ಕೋಣೆಗೆ ತಲುಪಿಸಿ. ಅದು ನಾಳೆಯೇ ಯಾರಿಗಾದರೂ ಬೇಕಾಗುತ್ತದೆ.