ಅಮೂರಿನ ಎರಡು ದಡ

ರಷ್ಯದ ಬ್ಲಾಗೊವೆಷ್ಚೆನ್ಸ್ಕ್ ನಗರಕ್ಕೂ ಆಚೆಯ ದಡದಲ್ಲಿ ಅದಕ್ಕೆದುರಾಗಿ ನಿಂತಿರುವ ಚೀನದ ಹೈಹೆ ನಗರಕ್ಕೂ ನಡುವೆ ಹರಿಯುವ ಅಮೂರ್ ನದಿಯ ಮೇಲೆ, ಬೇಸಗೆಯಲ್ಲಿ ದೋಣಿಯನ್ನೂ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನೂ ನಂಬಿ ತಲೆಮಾರುಗಳನ್ನು ಕಳೆದ ಎರಡು ದಡಗಳ ಜನಕ್ಕೆ, 2022ರ ಜೂನ್ ತಿಂಗಳಲ್ಲಿ ವಾಹನಸಂಚಾರದ ಸೇತುವೆಯೊಂದು ತೆರೆಯಿತು. 1900ನೆಯ ಇಸವಿಯ ಜುಲೈನಲ್ಲಿ, ಚೀನದಲ್ಲೆದ್ದ ಬಾಕ್ಸರ್ ದಂಗೆಯ ಭೀತಿಯಲ್ಲಿದ್ದ ರಷ್ಯದ ಅಧಿಕಾರಿಗಳು ತಮ್ಮ ಊರಿನಲ್ಲೇ ನೆಲೆಸಿದ್ದ ಸಾವಿರಾರು ಮಂದಿ ಚೀನೀಯರನ್ನು ದಂಡೆಗೆ ಅಟ್ಟಿಸಿಕೊಂಡು ಬಂದು, ಈಜಿ ಹೋಗಿರೆಂದು ನೀರಿಗೆ ನೂಕಿದುದು ಇದೇ ನದಿಯಲ್ಲಿ. ಪಾಶ್ಚಾತ್ಯ ಪ್ರಾಬಲ್ಯವನ್ನೊಪ್ಪದ ಮಹಾಶಕ್ತಿಗಳು ತಮ್ಮತಮ್ಮೊಳಗಿನ ಸ್ಪರ್ಧೆಯನ್ನು ಬದಿಗಿಟ್ಟು ಹತ್ತಿರವಾಗುತ್ತಿರುವ ವಿದ್ಯಮಾನವನ್ನು ಮಾಸ್ಕೋ ಪೀಕಿಂಗುಗಳ ಅರಮನೆಗಳಲ್ಲಿ ಕೈಕುಲುಕುವ ಚಿತ್ರಗಳಿಂದ ಅಳೆಯುವುದಕ್ಕಿಂತ ಈ ದಡದಲ್ಲಿ ನಿಂತು ನೋಡುವುದು ಲೇಸು.

ವೈರದ ಬೇರು ಆಳವಾದುದು. ಕ್ಷೀಣಿಸುತ್ತಿದ್ದ ಚಿಙ್ ಸಾಮ್ರಾಜ್ಯದಿಂದ 1858ರ ಐಗುನ್ ಒಪ್ಪಂದದಲ್ಲಿ ಅಮೂರಿನ ಉತ್ತರದ ಭೂಮಿಯನ್ನೂ, 1860ರ ಪೀಕಿಂಗ್ ಒಪ್ಪಂದದಲ್ಲಿ ಉಸ್ಸುರಿ ನದಿಯ ಪೂರ್ವಭಾಗವನ್ನೂ ರಷ್ಯ ಪಡೆದುಕೊಂಡು ಅಲ್ಲಿ ವ್ಲಾಡಿವಾಸ್ಟೋಕ್ ಬಂದರನ್ನು ಕಟ್ಟಿತು. ಉಭಯ ದೇಶಗಳೂ ಕಮ್ಯೂನಿಸಮ್ಮೆಂಬ ಒಂದೇ ತತ್ತ್ವದ ಅನುಯಾಯಿಗಳಾದ ಮೇಲೆ 1950ರಲ್ಲಿ ಸ್ಟಾಲಿನ್ ಮಾವೋಗಳ ನಡುವೆ ಮೈತ್ರಿಯ ಕರಾರಾಯಿತಾದರೂ, ಹತ್ತು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ಕ್ರುಶ್ಚೇವ್ ತನ್ನ ತಂತ್ರಜ್ಞರನ್ನೆಲ್ಲ ಚೀನದಿಂದ ಹಿಂದಕ್ಕೆ ಕರೆಸಿಕೊಂಡನು. 1969ರ ಮಾರ್ಚ್ ತಿಂಗಳಲ್ಲಿ ಉಸ್ಸುರಿಯ ನಡುವಣ ದಮಾನ್ಸ್ಕಿ ಎಂಬ, ಚೀನೀಯರು ಝೆನ್‌ಬಾವ್ ಎಂದು ಕರೆಯುವ, ಜನವಸತಿಯಿಲ್ಲದ ತುಂಡುನೆಲಕ್ಕಾಗಿ ಎರಡು ಕಡೆಯ ಸೈನಿಕರೂ ಮಡಿದರು. ತತ್ತ್ವವೊಂದೇ ಆದವರ ಜಗಳ ತತ್ತ್ವ ಬೇರೆಯಾದವರ ಜಗಳಕ್ಕಿಂತ ಕಹಿಯಾಗುವುದು ಮಠಗಳ ಚರಿತ್ರೆಯನ್ನು ಬಲ್ಲ ನಮಗೆ ಹೊಸದೇನಲ್ಲ.

ಇಂಥ ನೆರೆಹಗೆಗೆ ವಿವರಣೆ ನಮ್ಮಲ್ಲಿಯೇ ಉಂಟು: ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಓಲೆಗಳಿಂದ ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಎಲ್ಲೆಗೆ ಹೊಂದಿದ ರಾಜ್ಯವು ಸಹಜ ಶತ್ರುವೆಂದೂ ಅದರಾಚೆಯದು ಸಹಜ ಮಿತ್ರನೆಂದೂ ಹೇಳುವ ಮಂಡಲಸಿದ್ಧಾಂತವಿದೆಯಷ್ಟೆ. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಪೀಕಿಂಗಿಗೆ ಹೋಗಿ ಮಾವೋನನ್ನು ಕಂಡುದು ಆ ಸಿದ್ಧಾಂತಕ್ಕೆ ಬರೆದ ಭಾಷ್ಯದಂತಿತ್ತು. ಆದರೆ ಈಗ ಎಲ್ಲೆಯಲ್ಲಿರುವವನೇ ಸ್ನೇಹಿತನಾಗಿ ದೂರದವನು ವೈರಿಯಾಗಿರುವುದನ್ನು ಮಂಡಲದಿಂದ ವಿವರಿಸಲಾಗದು. ಅದಕ್ಕೆ ಅದೇ ಗ್ರಂಥದ ಷಾಡ್ಗುಣ್ಯವೆಂಬ ಆರು ರಾಜನೀತಿಗಳ ಕಡೆಗೆ, ಅದರಲ್ಲಿಯೂ ಒಬ್ಬನೊಡನೆ ಸಂಧಿ ಮಾಡಿಕೊಂಡು ಮತ್ತೊಬ್ಬನೊಡನೆ ವಿಗ್ರಹ ನಡೆಸುವ ದ್ವೈಧೀಭಾವದ ಕಡೆಗೆ, ತಿರುಗಬೇಕು.

ಪಶ್ಚಿಮದ ದಿಗ್ಬಂಧನಗಳೇ ಇವರಿಬ್ಬರನ್ನು ಒಂದುಗೂಡಿಸಿದುವೆಂಬ ಮಾತು ಅರ್ಧಸತ್ಯವೇ ಸರಿ. ಗೋರ್ಬಚೇವ್ 1989ರಲ್ಲಿ ಪೀಕಿಂಗಿಗೆ ಹೋದಂದಿನಿಂದ ಎರಡೂ ಸರಕಾರಗಳು ಗಡಿಯ ಒಂದೊಂದೇ ಭಾಗವನ್ನು ತಾಳ್ಮೆಯಿಂದ ಅಳೆದು, 1991ರಲ್ಲಿ ಒಂದು, 2004ರಲ್ಲಿ ಮತ್ತೊಂದು ಒಪ್ಪಂದಕ್ಕೆ ಸಹಿಹಾಕಿ, ನಾಲ್ಕು ಸಾವಿರ ಕಿಲೋಮೀಟರಿಗೂ ಮಿಗಿಲಾದ ಎಲ್ಲೆಯನ್ನು ಗೊತ್ತುಮಾಡಿಕೊಂಡುವು. ಅಷ್ಟು ರಕ್ತ ಕುಡಿದ ದಮಾನ್ಸ್ಕಿಯು ಸದ್ದಿಲ್ಲದೆ ಚೀನದ ಪಾಲಾಯಿತು. ಬೆನ್ನ ಹಿಂದಿನ ಗಡಿ ನಿಶ್ಚಿಂತವಾಗಿರದಿದ್ದರೆ ಪುಟಿನ್ ತನ್ನ ಪೂರ್ವಪ್ರಾಂತದ ಸೈನ್ಯವನ್ನು ಉಕ್ರೇನಿಗೆ ಸಾಗಿಸುವ ಧೈರ್ಯವನ್ನು ಮಾಡುತ್ತಿದ್ದನೆ? ಕ್ರಿಮಿಯ ರಷ್ಯದ ವಶವಾದ 2014ರಲ್ಲಿಯೇ, ಚೀನಕ್ಕೆ ವರ್ಷಕ್ಕೆ 3,800 ಕೋಟಿ ಘನಮೀಟರು ಅನಿಲವನ್ನು ಮೂವತ್ತು ವರ್ಷ ಒದಗಿಸುವ ಕರಾರಾಗಿ, 2019ರ ಡಿಸೆಂಬರಿನಲ್ಲಿ ಸೈಬೀರಿಯದ ಕೊಳವೆಯಲ್ಲಿ ಅನಿಲ ಹರಿಯತೊಡಗಿತು. ಮೇರೆಯಿಲ್ಲದ ಸ್ನೇಹವೆಂದು 2022ರ ಫೆಬ್ರವರಿ 4ರಂದು ಇಬ್ಬರೂ ಸಾರಿದರು. ಇಪ್ಪತ್ತು ದಿನ ಕಳೆದು ಯುದ್ಧ ಮೊದಲಾಯಿತು. ಮರುವರ್ಷ ಉಭಯದೇಶಗಳ ವ್ಯಾಪಾರ ಸುಮಾರು 24,000 ಕೋಟಿ ಡಾಲರನ್ನು ಮುಟ್ಟಿತು.

ಇರಾನಿನ ವಿಷಯವೂ ಇಂತಹುದೇ. 1828ರ ತುರ್ಕಮಾನ್‌ಚಾಯ್ ಒಪ್ಪಂದದಲ್ಲಿ ರಷ್ಯಕ್ಕೆ ನೆಲ ತೆತ್ತ ಇರಾನೀಯರು ಆ ಒಪ್ಪಂದದ ಹೆಸರನ್ನು ಇಂದಿಗೂ ಅಪಮಾನದ ಮಾತಾಗಿಯೇ ಬಳಸುವರು; ಆದರೂ ರಷ್ಯಕ್ಕೆ ಡ್ರೋನ್‌ಗಳು ಹೋದುವು, 2025ರ ಜನವರಿಯಲ್ಲಿ ಸಹಭಾಗಿತ್ವದ ಕರಾರೂ ಆಯಿತು. ಪರಸ್ಪರ ರಕ್ಷಣೆಯ ಭಾಷೆ ಮಾತ್ರ ಅದರಲ್ಲಿಲ್ಲ. ಅದೇ ವರ್ಷದ ಜೂನಿನಲ್ಲಿ ಇರಾನಿನ ಮೇಲೆ ಬಾಂಬು ಬಿದ್ದಾಗ ಮಾಸ್ಕೋ ಖಂಡನೆಯ ಮಾತಾಡಿ ನಿಂತಿತು.

ಇದನ್ನು ಕಂಡು, ಇದು ಸ್ವಾರ್ಥದ ಸಖ್ಯ, ಇಂದೋ ನಾಳೆಯೋ ಮುರಿಯುವುದು ಎಂದು ನೆಮ್ಮದಿಪಡುವ ಪಂಡಿತರು ಪಶ್ಚಿಮದಲ್ಲಿ ಬಹಳ ಮಂದಿ. ನನಗೆ ಹಾಗೆ ತೋರದು. 1950ರ ಮೈತ್ರಿ ಮುರಿದುದು ಅದು ಸೋದರತ್ವವನ್ನೂ ವಿಧೇಯತೆಯನ್ನೂ ಬೇಡಿದುದರಿಂದ. ಇಂದಿನವರು ಒಬ್ಬರಿಂದೊಬ್ಬರು ಬಯಸುವುದು ಸ್ವಲ್ಪವಾದುದರಿಂದ ನಿರಾಶೆಗೂ ಅವಕಾಶ ಸ್ವಲ್ಪ. 2023ರಲ್ಲಿ ಚೀನದ ಭೂಪಟಗಳಲ್ಲಿ ವ್ಲಾಡಿವಾಸ್ಟೋಕಿಗೆ ಹೈಷೆನ್‌ವೈ ಎಂಬ ಹಳೆಯ ಹೆಸರನ್ನೂ ಕಾಣಿಸಬೇಕೆಂದು ಸರಕಾರ ನಿಯಮ ಮಾಡಿದುದನ್ನು ರಷ್ಯ ಕಾಣದಿರಲಿಲ್ಲ, ಕಂಡೂ ಸುಮ್ಮನಿದ್ದಿತು. ಮಂಗೋಲಿಯದ ಮೂಲಕ ಎರಡನೆಯ ಅನಿಲಮಾರ್ಗವನ್ನು ಎಳೆಯುವ ಪತ್ರಕ್ಕೆ ಸಹಿಯಾಯಿತೆಂದು 2025ರ ಸೆಪ್ಟೆಂಬರಿನಲ್ಲಿ ಗಾಜ್‌ಪ್ರೋಮ್ ಸಂಸ್ಥೆ ಪ್ರಕಟಿಸಿತಾದರೂ ಬೆಲೆಯ ಮಾತನ್ನು ಮುಂದಕ್ಕೆ ಹಾಕಲಾಯಿತು. ಯೂರೋಪಿನ ಬಹುಪಾಲು ಗಿರಾಕಿಗಳನ್ನು ಕಳೆದುಕೊಂಡ ರಷ್ಯಕ್ಕೆ ಅವಸರವಿದೆ. ತುರ್ಕ್‌ಮೆನಿಸ್ತಾನದಿಂದಲೂ ಹಡಗುಗಳಿಂದಲೂ ಅನಿಲ ತರಿಸಿಕೊಳ್ಳಬಲ್ಲ ಚೀನಕ್ಕೆ ಅದಿಲ್ಲ.